ಬಂಧುಗಳಿರುವ ಊರಿನಲ್ಲಿ ಲಾಡ್ಜ್ ಇಲ್ಲ

ಒಲೆ ಹಚ್ಚಲು ಬಾರದವರು ಸಾರಿಗೆ ಎಷ್ಟು ಉಪ್ಪು ಬೇಕೆಂದು ಅಡುಗೆಯವನಿಗೆ ಹೇಳಿಕೊಡುವುದನ್ನು ನಾನು ಎಷ್ಟೋ ಮದುವೆ ಮನೆಗಳಲ್ಲಿ ನೋಡಿದ್ದೇನೆ. ನೋಡಿ ಒಳಗೊಳಗೇ ನಕ್ಕಿದ್ದೇನೆ. ಹಾಗೆ ನಗುವ ಹಕ್ಕನ್ನು ಎರಡು ವರ್ಷದ ಹಿಂದೆ ಕಳೆದುಕೊಂಡೆ. ಊರೂರು ತಿರುಗುವ ನಾಲ್ಕು ಜನ ಯಾವ ಬಸ್ಸು ಹತ್ತಬೇಕು, ಎಲ್ಲಿ ಇಳಿದುಕೊಳ್ಳಬೇಕು, ಮಧ್ಯಾಹ್ನ ಎಷ್ಟು ರೂಪಾಯಿಯ ಊಟ ಮಾಡಬೇಕು ಎಂದು ತೀರ್ಮಾನಿಸುವ ಕೆಲಸ ಆಗ ನನ್ನ ಪಾಲಿಗೆ ಬಂತು. ನಾನೋ, ಅಲ್ಲಿಯವರೆಗೆ ಕೆಲಸದ ಮೇಲೆ ಹೋಗಿದ್ದ ಅತಿ ದೂರದ ಊರು ಹರಿಹರ. ದಾವಣಗೆರೆಯ ವಿನೋಬನಗರದ ಮನೆಯಿಂದ ಹರಿಹರದ ಫ್ಯಾಕ್ಟರಿಗೆ, ಸಂಜೆ ಅಲ್ಲಿಂದ ಮನೆಗೆ. ಇಪ್ಪತ್ತೆರಡು ವರ್ಷದಿಂದ ಇಷ್ಟೇ. ಬಸ್ಸಿನಲ್ಲಿ ಒಂದು ಸಣ್ಣ ಜೋಂಪು ಹತ್ತುವಷ್ಟೂ ದೂರವಿಲ್ಲ. ಕಣ್ಣು ಮುಚ್ಚಿದೆನೋ ಇಲ್ಲವೋ, ಕಂಡಕ್ಟರ್ "ಹರಿಹರ, ಇಳೀರಿ" ಅಂದಿರುತ್ತಾನೆ.

ದೂರದ ಬಸ್ಸು ನನಗೆ ಆಗಿಬರುವುದಿಲ್ಲ ಎಂಬುದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಒಮ್ಮೆ ಹೆಂಡತಿ ಗಿರಿಜಾಳ ಹರಕೆಯೆಂದು ಅಮಾವಾಸ್ಯೆಯ ದಿನ, ಗಾಳಿ-ದೆವ್ವ ಬಿಡಿಸುವುದಕ್ಕೆ ಹೆಸರಾದ ಉಕ್ಕಡಗಾತ್ರಿಗೆ ಹೊರಟಿದ್ದೆವು. ಮಲೇಬೆನ್ನೂರು ದಾಟುವಷ್ಟರಲ್ಲಿ ನನ್ನ ಹೊಟ್ಟೆಯಲ್ಲಿದ್ದದ್ದೆಲ್ಲ ಗಂಟಲಿಗೆ ಬಂದು ಕೂತಿತ್ತು. ನಿಂಬೆಹಣ್ಣು ಮೂಸುತ್ತ, ಕಣ್ಣು ತೇಲಿಸುತ್ತ, ಕಿಟಕಿಯ ಸರಳಿಗೆ ಹಣೆ ಒತ್ತಿ ಕೂತಿದ್ದವನನ್ನು ನೋಡಿ ಪಕ್ಕದ ಸೀಟಿನ ಅಜ್ಜಿ ಗಿರಿಜಾಳ ಕೈ ಹಿಡಿದು, "ಚಿಂತಿ ಮಾಡಬ್ಯಾಡ ತಾಯಿ, ಅಜ್ಜಯ್ಯನ ಸನ್ನಿಧಿಗೆ ಹೋದ್ರೆ ಎಂಥಾ ಗಾಳಿ ಹಿಡ್ಕೊಂಡಿದ್ರೂ ಬಿಡ್ತೈತೆ" ಅಂತ ಧೈರ್ಯ ಹೇಳಿದರು. ಗಿರಿಜಾ ಅಲ್ಲ ಅನ್ನಲಿಲ್ಲ. ಇವತ್ತಿಗೂ ನಾನೇನಾದರೂ ಹಟ ಹಿಡಿದರೆ "ಅಮಾವಾಸ್ಯೆ ಯಾವಾಗ ಅಂತ ನೋಡ್ಲಾ?" ಅನ್ನುತ್ತಾಳೆ.

ನಮ್ಮದು ಅಕ್ಕಿ ಗಿರಣಿಗಳಿಗೆ ಬೇಕಾದ ಜರಡಿ, ರಬ್ಬರ್ ರೋಲರ್, ಬೆಲ್ಟು ಮಾಡುವ ಸಣ್ಣ ಕಂಪನಿ. ಫ್ಯಾಕ್ಟರಿ ಹರಿಹರದಲ್ಲಿ, ಮಾರಾಟದ ಆಫೀಸು ದಾವಣಗೆರೆಯ ಮಂಡಿಪೇಟೆಯಲ್ಲಿ ಒಂದು ಮೆಣಸಿನಕಾಯಿ ಅಂಗಡಿಯ ಮೇಲೆ. ಒಟ್ಟು ನಲವತ್ತು ಜನ. ಎರಡು ವರ್ಷದ ಹಿಂದೆ ವ್ಯಾಪಾರ ಬಿತ್ತು. ಹೊಸ ಗಿರಣಿ ಹಾಕುವವರು ಇರಲಿಲ್ಲ; ಹಳೆಯ ಗಿರಣಿಯವರು ಹರಿದ ಜರಡಿಗೇ ತೇಪೆ ಹಾಕಿಕೊಂಡು ದಿನ ದೂಡುತ್ತಿದ್ದರು. ಮೊದಲು ಫ್ಯಾಕ್ಟರಿಯಲ್ಲಿ ಎರಡು ಹೊತ್ತಿನ ಚಹಾ ಒಂದು ಹೊತ್ತಿಗೆ ಇಳಿಯಿತು. ಆಮೇಲೆ ನಮ್ಮ ಸಾಹುಕಾರರು ಹುಬ್ಬಳ್ಳಿಗೆ ಹೋಗಿ, ಟೈ ಕಟ್ಟಿಕೊಂಡ ಯಾರೋ ಸಲಹೆಗಾರನ ಭಾಷಣ ಕೇಳಿ ಬಂದರು. ಕಷ್ಟಕಾಲದಲ್ಲಿ ಕಂಪನಿಗಳು ಮೊದಲು ಕೈ ಹಾಕಬೇಕಾದದ್ದು ನೌಕರರ ಓಡಾಟದ ಖರ್ಚಿಗೆ ಎಂದು ಅವನು ಹೇಳಿದ್ದನಂತೆ. ಮರುದಿನ ಸಾಹುಕಾರರು ನನ್ನನ್ನು ಒಳಗೆ ಕರೆದರು. "ನಾಗರಾಜ, ನಾಲ್ಕು ಮಂದಿ ತಿರುಗೋ ಖರ್ಚು ನಲವತ್ತು ಮಂದಿ ಚಾ ಖರ್ಚಿಗಿಂತ ಜಾಸ್ತಿ ಐತೆ. ಇದನ್ನ ನೀನು ನೋಡ್ಕೋ" ಅಂದರು. ಬಂದ ಅಂಚೆಯ ಲಕೋಟೆಗಳನ್ನು ಬಿಚ್ಚಿ, ಒಳಮೈ ಹೊರಗೆ ಮಾಡಿ ಅಂಟಿಸಿ ಮತ್ತೆ ಉಪಯೋಗಿಸುವವನು ಇಡೀ ಆಫೀಸಿನಲ್ಲಿ ನಾನೊಬ್ಬನೇ. ಆ ಅರ್ಹತೆ ಅವರ ಕಣ್ಣಿಗೆ ಬಿದ್ದಿತ್ತು.

ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಇಪ್ಪತ್ತು ವರ್ಷ ಹಾಜರಿ ಪುಸ್ತಕ, ಗೇಟ್ ಪಾಸು, ದೀಪಾವಳಿ ಸಿಹಿಯ ಡಬ್ಬ ನೋಡಿಕೊಂಡವನಿಗೆ ಮೊದಲ ಸಲ ಒಂದು ಅಧಿಕಾರ ಸಿಕ್ಕಿತ್ತು. ಅವತ್ತೇ ಸಂಜೆ ಮಂಡಿಪೇಟೆಗೆ ಹೋಗಿ "ಪರಿಶೀಲಿಸಿದೆ" ಎಂಬ ರಬ್ಬರ್ ಸ್ಟಾಂಪು ಮಾಡಿಸಿದೆ. ಸ್ವಂತ ದುಡ್ಡಿನಲ್ಲಿ. ಕಂಪನಿಯ ಒಂದು ಪೈಸೆಯನ್ನೂ ಪೋಲು ಮಾಡಬಾರದು ಎಂಬ ಹುಮ್ಮಸ್ಸು.

ಮೊದಲ ನಿಯಮ, ಕೆಂಪು ಬಸ್ಸಿನಲ್ಲೇ ಹೋಗಬೇಕು. ಎರಡನೆಯದು, ಫೋನಿನ ವಿಡಿಯೋದಲ್ಲಿ ಮುಗಿಯುವ ಕೆಲಸಕ್ಕೆ ಊರಿಗೆ ಹೋಗಬಾರದು. ಇದನ್ನು ಜಾರಿಗೆ ತಂದ ವಾರವೇ ಸಿಂಧನೂರಿನ ಗಿರಣಿಯ ಮಾಲೀಕರೊಬ್ಬರು ಸವೆದ ರೋಲರನ್ನು ಫೋನಿನಲ್ಲಿ ತೋರಿಸಲು ಬಗ್ಗಿದರು. ಫೋನು ಕೈಜಾರಿ ಹೊಟ್ಟಿನ ರಾಶಿಗೆ ಬಿತ್ತು. ಕಾಲು ಗಂಟೆ ನಾನು ಹರಿಹರದಲ್ಲಿ ಕೂತು ಭತ್ತದ ಹೊಟ್ಟನ್ನು ಒಳಗಿನಿಂದ ನೋಡಿದೆ. ಅವರು ಬೈಯುತ್ತಿದ್ದ ಬೈಗುಳ ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು.

ಮೂರನೆಯ ನಿಯಮವೇ ನನ್ನ ಹೆಮ್ಮೆಯದು. ತಿರುಗುವ ನಾಲ್ವರಿಗೂ ಒಂದೊಂದು ಫಾರಂ ಕೊಟ್ಟು, ಯಾವ ಯಾವ ಊರಿನಲ್ಲಿ ಯಾವ ಯಾವ ಬಂಧುಗಳಿದ್ದಾರೆ ಎಂದು ಬರೆಯಲು ಹೇಳಿದೆ. ಬಂಧುಗಳಿರುವ ಊರಿನಲ್ಲಿ ಲಾಡ್ಜಿನ ವೆಚ್ಚ ಮಂಜೂರಾಗುವುದಿಲ್ಲ. ಬಂಧುಗಳ ಮನೆಯಲ್ಲಿ ಊಟ ದೊರೆಯುವುದರಿಂದ ಊಟದ ಭತ್ಯೆಯೂ ಇರುವುದಿಲ್ಲ. ಮನೆಯಲ್ಲಿ ಗಿರಿಜಾಳಿಗೆ ಇದನ್ನು ಓದಿ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತ, "ನಿಮ್ಮ ಸ್ವಂತ ಅಣ್ಣನ ಮನೆಗೆ ಹಬ್ಬಕ್ಕೆ ಹೋಗೋಕೆ ನಾಲ್ಕು ದಿನ ಯೋಚನೆ ಮಾಡ್ತೀರಿ" ಅಂದಳು. ಹೆಂಗಸರಿಗೆ ಆಡಳಿತ ಅರ್ಥವಾಗುವುದಿಲ್ಲ ಎಂದುಕೊಂಡೆ.

ನಾಲ್ವರಲ್ಲಿ ಕಿರಿಯನಾದ ಮಂಜುನಾಥ ಚುರುಕಿನ ಆಸಾಮಿ. ಫಾರಮ್ಮಿನಲ್ಲಿ "ಬಳ್ಳಾರಿ: ಸೋದರಮಾವ, ಆದರೆ ಮಾತಿಲ್ಲ" ಎಂದು ಬರೆದ. "ಮತ್ತೆ ಮಾತು ಆರಂಭಿಸಲು ಇದು ಸದವಕಾಶ" ಎಂದು ನಾನು ಕೆಂಪು ಶಾಯಿಯಲ್ಲಿ ಟಿಪ್ಪಣಿ ಬರೆದು ಸ್ಟಾಂಪು ಒತ್ತಿದೆ. ಇನ್ನಿಬ್ಬರು ತಾವು ಇಡೀ ಕರ್ನಾಟಕದಲ್ಲಿ ದಿಕ್ಕಿಲ್ಲದವರು ಎಂಬಂತೆ ಬರೆದುಕೊಟ್ಟರು. ಪ್ರಾಮಾಣಿಕವಾಗಿ ತುಂಬಿದವರು ಹಾಲೇಶಪ್ಪನವರು ಒಬ್ಬರೇ.

ಹಾಲೇಶಪ್ಪನವರು ನಮ್ಮಲ್ಲಿ ಎಲ್ಲರಿಗಿಂತ ಹಳಬರು. ಐವತ್ತಾರು ವರ್ಷ, ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಯ ಜೇಬಿನಲ್ಲಿ ಎರಡು ಪೆನ್ನು. ಗಂಗಾವತಿ, ಕಾರಟಗಿ, ಸಿಂಧನೂರಿನ ಗಿರಣಿಗಳೆಲ್ಲ ಅವರ ಪಾಲಿನವು. ತಿಂಗಳಿಗೆ ಎರಡು ಸಲ ಆ ಕಡೆ ಹೋಗಿ, ಗಂಗಾವತಿಯ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಸಾಧಾರಣ ಲಾಡ್ಜಿನಲ್ಲಿ ಇಳಿದು, ಮೂರು ದಿನ ಕೆಲಸ ಮುಗಿಸಿ ಬರುತ್ತಿದ್ದರು. ಫಾರಮ್ಮಿನಲ್ಲಿ ಅವರು ಬರೆದಿದ್ದರು: "ಗಂಗಾವತಿ: ಬೀಗರು. ಮಗಳನ್ನು ಕೊಟ್ಟ ಮನೆ."

ನಾನು ಗಂಗಾವತಿಯ ಲಾಡ್ಜಿಗೆ ಗೀಟು ಹಾಕಿದೆ. ಮರುದಿನ ಹಾಲೇಶಪ್ಪನವರು ಬಂದು ನನ್ನ ಮೇಜಿನ ಮುಂದೆ ನಿಂತರು. ಕೂಡ್ರಿ ಅಂದರೂ ಕೂರಲಿಲ್ಲ. "ಸಾರ್, ಅದು ಮಗಳ ಮನಿ. ಹೋಗಿ ಬರೋ ಮನಿ, ಇಳ್ಕೊಳ್ಳೋ ಮನಿ ಅಲ್ಲ. ಹೆಣ್ಣು ಕೊಟ್ಟೋರು ನಾವು" ಅಂದರು.

"ಹಾಲೇಶಪ್ಪನೋರೆ, ತಿಂಗಳಿಗೆ ಎರಡು ಸಲ ಮಗಳನ್ನ ನೋಡೋ ಯೋಗ ಯಾವ ತಂದೆಗೆ ಐತೆ? ಅದೂ ಕಂಪನಿ ಬಸ್ ಚಾರ್ಜ್‌ನಾಗೆ" ಅಂತ ನಾನು ನಕ್ಕೆ. ಅವರು ನಗಲಿಲ್ಲ. ಇನ್ನೇನೋ ಹೇಳಲು ಬಾಯಿ ತೆರೆದವರು, ನನ್ನ ಕೈಯಲ್ಲಿದ್ದ ಸ್ಟಾಂಪನ್ನು ನೋಡಿ, "ಆತು ಸಾರ್" ಎಂದು ಹೋದರು. ನನ್ನ ಆ ನಗುವನ್ನು ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

ಐದಾರು ತಿಂಗಳು ನಡೆಯಿತು. ಓಡಾಟದ ಖರ್ಚು ಇಳಿಯಿತು. ಸಾಹುಕಾರರು ನನ್ನ ಬೆನ್ನು ತಟ್ಟಿದರು. ಹಾಲೇಶಪ್ಪನವರ ಬಿಲ್ಲಿನಲ್ಲಿ ಬಸ್ ಟಿಕೆಟ್ಟು ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಒಂದೇ ಒಂದು ಸಲ, ಮೊದಲ ತಿಂಗಳು, "ಹಣ್ಣು, ಹೂವು, ಬೆಣ್ಣೆ ಬಿಸ್ಕತ್ತು" ಎಂದು ಮುನ್ನೂರು ಚಿಲ್ಲರೆ ಬರೆದಿದ್ದರು. ಗಿರಣಿಯವರಿಗೆ ಹೂವು ಯಾಕೆ ಎಂದು ನನಗೆ ಅರ್ಥವಾಗಲಿಲ್ಲ. ಅರ್ಥವಾದಾಗ, ಅದರ ಮೇಲೆ "ವೈಯಕ್ತಿಕ" ಎಂದು ಕೆಂಪು ಶಾಯಿಯಲ್ಲಿ ಬರೆದು ಹೊಡೆದುಹಾಕಿದೆ. ಮುಂದೆ ಅವರು ಅದನ್ನು ಬರೆಯಲಿಲ್ಲ. ಬೀಗರ ಮನೆಗೆ ಬರಿಗೈಯಲ್ಲಿ ಹೋಗಲಾಗುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಕೆಂಪು ಪೆನ್ನು ಕೈಯಲ್ಲಿದ್ದಾಗ ಗೊತ್ತಿರುವ ಸಂಗತಿಗಳು ಸ್ವಲ್ಪ ಹೊತ್ತು ಮರೆತುಹೋಗುತ್ತವೆ.

ಹೀಗಿರುವಾಗ ಗಂಗಾವತಿಯ ದೊಡ್ಡ ಗಿರಣಿಯೊಂದರಿಂದ ದೂರು ಬಂತು. ನಮ್ಮ ಹೊಸ ಜರಡಿಯಲ್ಲಿ ನುಚ್ಚು ಸರಿಯಾಗಿ ಬೇರೆಯಾಗುತ್ತಿಲ್ಲ, ಇನ್ನು ಮುಂದೆ ಕೊಯಮತ್ತೂರಿನಿಂದ ತರಿಸಿಕೊಳ್ಳುತ್ತೇವೆ ಎಂದರು. ಆ ಗಿರಣಿ ಕೈಬಿಟ್ಟರೆ ಫ್ಯಾಕ್ಟರಿಯಲ್ಲಿ ಒಂದು ಪಾಳಿ ನಿಲ್ಲಿಸಬೇಕಾಗುತ್ತಿತ್ತು. ಸಾಹುಕಾರರು, "ಹಾಲೇಶಪ್ಪನ ಜೊತೆ ನೀನೂ ಹೋಗು. ಕಂಪನಿ ಆಫೀಸರ್ರೇ ಬಂದಾರೆ ಅಂದ್ರೆ ಅವ್ರಿಗೆ ಮರ್ಯಾದೆ. ನಿನ್ನ ನಿಯಮ ಹೆಂಗೆ ನಡೀತಾವೆ ಅಂತ ನಿನಗೂ ಗೊತ್ತಾಗ್ತೈತೆ" ಅಂದರು. ನಾನು ಚೀಲದಲ್ಲಿ ಒಂದು ಜೊತೆ ಬಟ್ಟೆ, ನಾಲ್ಕು ನಿಂಬೆಹಣ್ಣು, ನನ್ನ ನಿಯಮಗಳ ಸುತ್ತೋಲೆಯ ಒಂದು ಪ್ರತಿ ಇಟ್ಟುಕೊಂಡು ಹೊರಟೆ. ಸುತ್ತೋಲೆ ಯಾಕೆ ಎಂದು ಕೇಳಬೇಡಿ. ಕೆಲವರು ಹೊರಗೆ ಹೋಗುವಾಗ ದೇವರ ಫೋಟೋ ಇಟ್ಟುಕೊಳ್ಳುತ್ತಾರಲ್ಲ, ಹಾಗೆ.

ಕೆಂಪು ಬಸ್ಸು ಹರಪನಹಳ್ಳಿ ತಲುಪುವಷ್ಟರಲ್ಲಿ ಮೊದಲ ನಿಯಮದ ಮೇಲೆ ನನಗೇ ಜುಗುಪ್ಸೆ ಬಂದಿತ್ತು. ಹಾಲೇಶಪ್ಪನವರು ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟು, ಜೇಬಿನಿಂದ ಹುಣಸೆಹಣ್ಣಿನ ಸಣ್ಣ ಉಂಡೆ ತೆಗೆದು, "ದವಡೆಗೆ ಇಟ್ಕೊಳ್ರಿ ಸಾರ್, ನುಂಗಬ್ಯಾಡ್ರಿ" ಎಂದರು. ಎರಡು ಸಲ ನನ್ನ ಬೆನ್ನು ಸವರಿದರು, ಒಂದು ಸಲ ಪ್ಲಾಸ್ಟಿಕ್ ಚೀಲ ಹಿಡಿದರು. ಅದರ ವಿವರ ಬೇಡ. ಹೊಸಪೇಟೆಯಲ್ಲಿ ಬಸ್ಸು ಬದಲಾಯಿಸಬೇಕಿತ್ತು. ನಾನು ಕಲ್ಲುಬೆಂಚಿನ ಮೇಲೆ ತಲೆ ಹಿಡಿದು ಕೂತಿದ್ದಾಗ ಅವರು ಹೋಗಿ ಒಂದು ಡಜನ್ ಬಾಳೆಹಣ್ಣು, ಎರಡು ಕೆಜಿ ಮೋಸಂಬಿ, ಎರಡು ಮೊಳ ಮಲ್ಲಿಗೆ ಹೂವು ತಂದರು. ಅಭ್ಯಾಸಬಲದಿಂದ ನಾನು, "ಬಿಲ್ ಇಸ್ಕೊಂಡ್ರಾ?" ಅಂದುಬಿಟ್ಟೆ.

"ಇಲ್ಲ ಸಾರ್. ವೈಯಕ್ತಿಕ" ಅಂದರು. ಅವರ ದನಿಯಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಬೀಗರಾದ ಶರಣಪ್ಪನವರು ಗಂಗಾವತಿಯ ಬೇರೊಂದು ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿ. ಹಾಲೇಶಪ್ಪನವರ ಅಳಿಯ ಹಗಲೆಲ್ಲ ಕೆಲಸದ ಮೇಲಿರುತ್ತಾನೆ. ನಾವು ಹೋದಾಗ ಮಧ್ಯಾಹ್ನ ಎರಡು ಗಂಟೆ. ಶರಣಪ್ಪನವರು ನನಗೋಸ್ಕರ ಅರ್ಧ ದಿನ ರಜ ಹಾಕಿ ಕಾಯುತ್ತಿದ್ದರು. ಮಗಳು ಸುಮಾ ಕಾಲಿಗೆ ನೀರು ಕೊಟ್ಟಳು. ನನಗೆ ದೀವಾನದ ಮೇಲೆ ಹೊಸ ಚಾದರ ಹಾಸಿದ್ದರು. ಮೂವತ್ತು ವರ್ಷ ಊರೂರು ತಿರುಗಿ ಎಂಥೆಂಥ ಮಾಲೀಕರ ಎದುರು ಕಾಲ ಮೇಲೆ ಕಾಲು ಹಾಕಿ ಕೂತು ಮಾತಾಡಿದ ಹಾಲೇಶಪ್ಪನವರು, ಆ ಮನೆಯಲ್ಲಿ ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯ ಅಂಚಿನಲ್ಲಿ, ಈಗಲೋ ಆಗಲೋ ಎದ್ದು ಹೋಗುವವರಂತೆ ಕೂತರು. ತಂದ ಹಣ್ಣಿನ ಚೀಲವನ್ನು ಬೀಗಿತ್ತಿ ಈರಮ್ಮನವರು ತೆಗೆದುಕೊಂಡು, ಒಳಗೆ ನೋಡದೆ, ಗೋಡೆಗೆ ಒರಗಿಸಿ ಇಟ್ಟರು.

ಊಟಕ್ಕೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಅದರ ಮೇಲೆ ಹೋಳಿಗೆ. ಹೋಳಿಗೆ ನನ್ನ ಗೌರವಕ್ಕೆ ಎಂದು ಹೇಳಿ ಬಡಿಸಿದರು. ಐದು ತಾಸಿನ ಬಸ್ಸು ಖಾಲಿ ಮಾಡಿದ್ದ ಹೊಟ್ಟೆ. ನಾನು ನಾಚಿಕೆ ಬಿಟ್ಟು ಉಂಡೆ. ಹಾಲೇಶಪ್ಪನವರು ಒಂದೇ ರೊಟ್ಟಿ ತಿಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು. "ಹೊಟ್ಟಿ ಸರಿ ಇಲ್ಲ" ಅಂದರು. ಹರಿಹರದ ಆಫೀಸಿನಲ್ಲಿ ಬುತ್ತಿ ಬಿಚ್ಚಿ ನಾಲ್ಕು ರೊಟ್ಟಿ ತಿನ್ನುವ ಮನುಷ್ಯ. ಆಗಲೂ ನನ್ನ ತಲೆಗೆ ಹೋಗಲಿಲ್ಲ.

ಎರಡನೆಯ ಹೋಳಿಗೆಗೆ ತುಪ್ಪ ಹಾಕುತ್ತ ಈರಮ್ಮನವರು ಕೇಳಿದರು: "ಸಾರ್, ತಪ್ಪು ತಿಳ್ಕೋಬ್ಯಾಡ್ರಿ. ಒಂದು ಮಾತು. ನಿಮ್ಮ ಕಂಪನಿಯೊಳಗ ಊರಿಗೆ ಹೋದೋರಿಗೆ ಲಾಡ್ಜಿನ ದುಡ್ಡು ಕೊಡಂಗಿಲ್ಲೇನ್ರಿ?"

ಸುಮಾ ಅಡುಗೆಮನೆಯ ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಈರಮ್ಮನವರು ಅವಳ ಕಡೆ ನೋಡದೆ ಮುಂದುವರಿಸಿದರು. "ಮೊದಲ ಬೀಗರು ವರ್ಷಕ್ಕೊಮ್ಮೆ ಬರೋರು. ನಾವ ದಾರಿ ಕಾಯ್ತಿದ್ವಿ. ಈಗ ಹದಿನೈದು ದಿನಕ್ಕೊಮ್ಮೆ ಬಂದು ಮೂರು ದಿನ ಇರ್ತಾರ. ಇರ್ಲಿ, ಮನಿ ಅವರದ. ಆದ್ರ ಕಂಪನಿ ದುಡ್ಡು ಕೊಡೋದು ನಿಲ್ಲಿಸೇತಿ ಅಂತ ಇಕಿ ಹೇಳ್ತಾಳ. ಅಷ್ಟು ದೊಡ್ಡ ಕಂಪನಿ ಲಾಡ್ಜಿಗೆ ಕೊಡಂಗಿಲ್ಲ ಅಂದ್ರ ಯಾರರ ನಂಬ್ತಾರೇನ್ರಿ?"

ಅವರು ಕೇಳಿದ್ದು ಸರಳ ಪ್ರಶ್ನೆ. ಕೊಡುವುದಿಲ್ಲ, ನಿಲ್ಲಿಸಿದವನು ನಾನೇ, ಎಂದು ಎರಡು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ತಲೆಯಲ್ಲಿ ಏನೇನೋ ಓಡಿತು. ಶರಣಪ್ಪನವರು ಗಿರಣಿಯ ಮೇಸ್ತ್ರಿ. ಹರಿಹರದ ಕಂಪನಿಗೆ ಲಾಡ್ಜಿಗೂ ಗತಿಯಿಲ್ಲವಂತೆ ಎಂಬ ಮಾತು ನಾಳೆ ಬೆಳಿಗ್ಗೆ ಗಂಗಾವತಿಯ ಗಿರಣಿಗಳಲ್ಲೆಲ್ಲ ಹರಡಿದರೆ ಯಾರು ಆರ್ಡರ್ ಕೊಡುತ್ತಾರೆ? ಇದು ನಾನು ಆಮೇಲೆ ನನಗೇ ಹೇಳಿಕೊಂಡ ಕಾರಣ. ನಿಜವಾದ ಕಾರಣ ಇನ್ನೂ ಸಣ್ಣದು. ಹೊಸ ಚಾದರದ ಮೇಲೆ ಕೂತು, ಆಫೀಸರ್ ಎನಿಸಿಕೊಂಡು, ಕೈಯಲ್ಲಿ ತುಪ್ಪದ ಹೋಳಿಗೆ ಹಿಡಿದವನಿಗೆ ಗತಿಗೆಟ್ಟ ಕಂಪನಿಯವನಾಗಲು ಮನಸ್ಸು ಬರಲಿಲ್ಲ.

"ಛೇ, ಹಂಗೇನಿಲ್ರಿ ಅಮ್ಮ. ಕೊಡ್ತೀವಿ" ಅಂದೆ.

ಹಾಲೇಶಪ್ಪನವರು ತಲೆ ಎತ್ತಲಿಲ್ಲ. ತಟ್ಟೆಯಲ್ಲಿ ಉಳಿದಿದ್ದ ಚಟ್ನಿಯನ್ನು ಬೆರಳಿನಿಂದ ಒಂದು ಕಡೆಗೆ ಸರಿಸಿದರು. ಸುಮಾ ಅಪ್ಪನನ್ನು ಒಂದು ಕ್ಷಣ ನೋಡಿ ಒಳಗೆ ಹೋದಳು. ಈರಮ್ಮನವರು "ಅದನ್ನ ನಾನೂ ಅಂದಿದ್ದು" ಎಂದು ಹೇಳಿ ನನ್ನ ತಟ್ಟೆಗೆ ಮೂರನೆಯ ಹೋಳಿಗೆ ಹಾಕಿದರು. ನಾನು ಅದನ್ನೂ ತಿಂದೆ.

ಊಟವಾದ ಮೇಲೆ ಗಿರಣಿಗೆ ಹೋದೆವು. ದಾರಿಯಲ್ಲಿ ಹಾಲೇಶಪ್ಪನವರು ಆ ವಿಷಯ ಎತ್ತುತ್ತಾರೆ, ನಾನು ಹೀಗೆ ಹೀಗೆ ಸಮಜಾಯಿಷಿ ಹೇಳಬೇಕು ಎಂದು ಸಿದ್ಧವಾಗಿದ್ದೆ. ಅವರು ಎತ್ತಲಿಲ್ಲ. ಗಿರಣಿಯಲ್ಲಿ ಮಾಲೀಕರು ಸಿಟ್ಟಿನಲ್ಲಿದ್ದರು. ನಾನು ಕಂಪನಿಯ ಪರವಾಗಿ ಒಂದು ಸಣ್ಣ ಭಾಷಣ ಆರಂಭಿಸಿದೆ. ಯಂತ್ರದ ಸದ್ದಿನಲ್ಲಿ ಅದು ನನಗೂ ಕೇಳಿಸಲಿಲ್ಲ. ಅಷ್ಟರಲ್ಲಿ ಹಾಲೇಶಪ್ಪನವರು ಬಿಳಿ ಅಂಗಿಯ ತೋಳು ಮಡಚಿ ಯಂತ್ರದ ಹತ್ತಿರ ಹೋಗಿ, ಜರಡಿಯ ಚೌಕಟ್ಟಿನ ಮೇಲೆ ಅಂಗೈ ಇಟ್ಟು, ನಾಡಿ ನೋಡುವ ಪಂಡಿತರಂತೆ ಕಣ್ಣು ಮುಚ್ಚಿ ನಿಂತರು. ಆಮೇಲೆ ಯಂತ್ರ ನಿಲ್ಲಿಸಿ, ಮೂಲೆಯ ಎರಡು ಬೋಲ್ಟು ಬಿಗಿ ಮಾಡಿ, ಇಳಿಜಾರು ಒಂದು ಬೆರಳಿನಷ್ಟು ಏರಿಸಿದರು. ಮತ್ತೆ ಚಾಲೂ ಮಾಡಿದಾಗ ಅಕ್ಕಿ ಒಂದು ಕಡೆ, ನುಚ್ಚು ಒಂದು ಕಡೆ ಬೀಳತೊಡಗಿತು. "ಇದು ಫೋನಿನಾಗೆ ಕಾಣಂಗಿಲ್ಲ ಸಾರ್. ಕೈಗೆ ಗೊತ್ತಾಗ್ತೈತೆ" ಎಂದು ನನಗೆ ಹೇಳಿದರು. ಮಾಲೀಕರು ಕೊಯಮತ್ತೂರಿನ ಮಾತು ಬಿಟ್ಟು ಚಹಾ ತರಿಸಿದರು. ಒಂದು ತಾಸಿನ ಹಿಂದೆ ಬೀಗರ ಎದುರು, ಲಾಡ್ಜಿನ ದುಡ್ಡು ಜೇಬಿಗಿಳಿಸುವ ಜುಗ್ಗನೆನಿಸಿಕೊಂಡ ಮನುಷ್ಯ, ಹಾಗೆ ಅನಿಸಿಕೊಳ್ಳುವಂತೆ ಮಾಡಿದ ಕಂಪನಿಯ ಮಾನವನ್ನು ಎರಡು ಬೋಲ್ಟಿನಲ್ಲಿ ಉಳಿಸಿದ್ದರು.

ಮರುದಿನ ಬೆಳಿಗ್ಗೆ ಹಿತ್ತಲಿನ ಬಚ್ಚಲಿಗೆ ಸುಮಾ ಬಿಸಿನೀರು ತಂದಿಟ್ಟಳು. ಹೋಗದೆ ಅಲ್ಲೇ ನಿಂತು, ಸೆರಗನ್ನು ಬೆರಳಿಗೆ ಸುತ್ತುತ್ತ, "ಸಾರ್, ಒಂದು ಕೇಳ್ಲಾ? ನಮ್ಮಪ್ಪ ನನಗೆ ಸುಳ್ಳು ಹೇಳಿದ್ರಾ?" ಅಂದಳು.

ನಾನು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ಬಾಯಿತುಂಬ ಪೇಸ್ಟಿನ ನೊರೆ ತುಂಬಿಕೊಂಡಿದ್ದೆ. ಆಫೀಸರಿಕೆ ಸ್ವಲ್ಪವೂ ಉಳಿದಿರಲಿಲ್ಲ. ಬಹುಶಃ ಅದರಿಂದಲೇ ನಿಜ ಹೊರಬಂತು. ಬಾಯಿ ಮುಕ್ಕಳಿಸಿ, "ಇಲ್ಲಮ್ಮ. ನಿಮ್ಮಪ್ಪ ಹೇಳಿದ್ದೇ ಖರೆ. ನಿಲ್ಲಿಸಿದೋನು ನಾನೇ" ಅಂದೆ.

ಅವಳು ಸಿಟ್ಟಾಗಲಿಲ್ಲ. "ಅವರಿಗೆ ಇಲ್ಲಿ ಉಣ್ಣೋಕಾಗಲ್ಲ ಸಾರ್. ಮೂರು ದಿನ ಅರೆಹೊಟ್ಟೆ ಇರ್ತಾರೆ. ಬಸ್ ಸ್ಟ್ಯಾಂಡಿನಾಗೆ ಹೋಗಿ ಇಡ್ಲಿ ತಿಂದು ಬರ್ತಾರೆ, ನನಗೆ ಗೊತ್ತು. ನೀವು ಈಗ ಹೇಳಿದ್ದನ್ನ ನಮ್ಮತ್ತೆ ಮುಂದೆ ಹೇಳ್ರಿ. ಅಷ್ಟು ಸಾಕು" ಎಂದು ಹೇಳಿ ಕೊಡ ಎತ್ತಿಕೊಂಡು ಹೋದಳು.

ಅಷ್ಟು ಉದ್ದನೆಯ ಸ್ನಾನವನ್ನು ನಾನು ಜೀವನದಲ್ಲಿ ಮಾಡಿಲ್ಲ. ಕೊನೆಗೆ ಬಟ್ಟೆ ಹಾಕಿಕೊಂಡು ಬಂದು, ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು, ಎರಡು ಸಲ ಕೆಮ್ಮಿ, "ಅಮ್ಮ, ನಿನ್ನೆ ನಾನು ಹೇಳಿದ್ದು ಸುಳ್ಳು. ಲಾಡ್ಜಿನ ದುಡ್ಡು ನಾವು ನಿಲ್ಲಿಸೀವಿ. ಹಾಲೇಶಪ್ಪನೋರದ್ದು ಏನೂ ತಪ್ಪಿಲ್ಲ" ಎಂದು ಹೇಳಿಯೇಬಿಟ್ಟೆ.

ಈರಮ್ಮನವರು ಸೌಟು ಹಿಡಿದು ನನ್ನನ್ನೇ ನೋಡಿದರು. ಮುಖ ಮೆತ್ತಗಾಯಿತು. "ಎಂಥಾ ದೊಡ್ಡ ಮನಸ್ರಿ ನಿಮ್ದು" ಅಂದರು. "ಕೆಳಗಿನೋರ ಮಾನ ಉಳಿಸಾಕ ನಿಮ್ಮ ಮೈಮ್ಯಾಲ ಹಾಕ್ಕೊಂತೀರಲ್ಲ. ಇಂಥಾ ಆಫೀಸರು ಸಿಗಬೇಕಂದ್ರ ಪುಣ್ಯ ಮಾಡಿರಬೇಕು."

ನಾನು ಇಲ್ಲ, ಇಲ್ಲ ಅಂದಷ್ಟೂ ಅವರ ದೃಷ್ಟಿಯಲ್ಲಿ ನನ್ನ ದೊಡ್ಡತನ ಬೆಳೆಯುತ್ತ ಹೋಯಿತು. ಶರಣಪ್ಪನವರೂ ಮೆಚ್ಚುಗೆಯಿಂದ ತಲೆಯಾಡಿಸತೊಡಗಿದರು. ಹಾಲೇಶಪ್ಪನವರು ಕುರ್ಚಿಯ ಅಂಚಿನಲ್ಲಿ ಇನ್ನಷ್ಟು ಕುಗ್ಗಿದರು. ಸುಳ್ಳು ಹೇಳಿದಾಗ ಸಲೀಸಾಗಿ ನಂಬಿದವರು ನಿಜ ಹೇಳಿದರೆ ನಂಬುತ್ತಿಲ್ಲ. ಬೇರೆ ದಾರಿ ಕಾಣದೆ ನಾನು ಚೀಲಕ್ಕೆ ಕೈ ಹಾಕಿ ಸುತ್ತೋಲೆಯನ್ನು ತೆಗೆದು ಶರಣಪ್ಪನವರ ಕೈಗೆ ಕೊಟ್ಟೆ.

ಅವರು ಕನ್ನಡಕ ಹಾಕಿಕೊಂಡು, ಶಾಲೆಯ ಹುಡುಗರು ಪಾಠ ಓದುವಂತೆ, ಒಂದೊಂದೇ ಪದ ಬಿಡಿಸಿ ಗಟ್ಟಿಯಾಗಿ ಓದಿದರು. "ಬಂಧುಗಳಿರುವ ಊರಿನಲ್ಲಿ ಲಾಡ್ಜಿನ ವೆಚ್ಚ ಮಂಜೂರಾಗುವುದಿಲ್ಲ." ಸ್ವಲ್ಪ ನಿಲ್ಲಿಸಿ, "ಬಂಧುಗಳ ಮನೆಯಲ್ಲಿ ಊಟ ದೊರೆಯುವುದರಿಂದ ಊಟದ ಭತ್ಯೆಯೂ ಇರುವುದಿಲ್ಲ." ಕೆಳಗೆ ನನ್ನ ಸಹಿ, ಅದರ ಪಕ್ಕ ಸ್ಟಾಂಪು. ಅದನ್ನೂ ಓದಿದರು: "ಪರಿಶೀಲಿಸಿದೆ."

ಹರಿಹರದಲ್ಲಿ ಬರೆಯುವಾಗ ಎಷ್ಟು ಗಂಭೀರವಾಗಿ ಕಂಡಿದ್ದ ವಾಕ್ಯಗಳು. ಆ ಮನೆಯಲ್ಲಿ, ಉಪ್ಪಿಟ್ಟಿನ ಮುಂದೆ, ಅವು ಭಿಕ್ಷೆಯ ತಟ್ಟೆಯಂತೆ ಕೇಳಿಸಿದವು.

"ಅಂದ್ರ," ಈರಮ್ಮನವರು ನಿಧಾನವಾಗಿ ಅಂದರು, "ನಾನು ಬಡಿದ ರೊಟ್ಟಿ ನಿಮ್ಮ ಕಂಪನಿ ಉಳಿತಾಯದಾಗ ಸೇರೇತಿ."

ಆಮೇಲೆ ಅವರು ಹಾಲೇಶಪ್ಪನವರ ಕಡೆ ತಿರುಗಿದರು. "ಬೀಗರ, ನೀವರ ಹೇಳಬಾರದಿತ್ತಾ? ಆರು ತಿಂಗಳಿಂದ ನಾನು ಏನೇನು ಅಂದೆ, ಎಲ್ಲಾ ಕೇಳ್ಕೊಂಡು ಕುಂತ್ರಿ."

"ಏನಂತ ಹೇಳ್ಲಿ ಬೀಗಿತ್ತಿ" ಅಂದರು ಹಾಲೇಶಪ್ಪನವರು. "ಕಂಪನಿಗೆ ಕಷ್ಟ ಐತೆ ಅಂದ್ರೆ ನನಗೆ ಕಷ್ಟ ಐತೆ ಅಂದಂಗೆ. ಮಗಳ ಮನಿಯಾಗ ಅದನ್ನ ಹೆಂಗೆ ಹೇಳ್ಲಿ."

ಈರಮ್ಮನವರು ಒಳಗಿನಿಂದ ಪಾತ್ರೆ ತಂದು ಬೀಗರ ತಟ್ಟೆಗೆ ಎರಡು ಸೌಟು ಉಪ್ಪಿಟ್ಟು ಹಾಕಿದರು. ಹಾಲೇಶಪ್ಪನವರು ಕೈ ಅಡ್ಡ ಹಿಡಿಯಲಿಲ್ಲ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಪೂರ್ತಿ ತಿಂದರು. ನನ್ನ ತಟ್ಟೆಯ ಬಳಿ ಬಂದಾಗ ಈರಮ್ಮನವರು "ನಿಮಗ ಸಾಕು" ಅಂದರು. ಅದು ಪ್ರಶ್ನೆಯಾಗಿರಲಿಲ್ಲ.

ವಾಪಸು ಬರುವಾಗ ಹೊಸಪೇಟೆಯಲ್ಲಿ ಬಸ್ಸು ಬದಲಾಯಿಸಿದೆವು. ಆಮೇಲೆ ಹಾಲೇಶಪ್ಪನವರು ಹುಣಸೆಹಣ್ಣಿನ ಉಂಡೆ ಕೊಡುತ್ತ, "ಇವತ್ತು ಹೇಳಿದ್ರಲ್ಲ, ಒಳ್ಳೇದಾತು ಸಾರ್. ನನ್ನ ಮಗಳಿಗೆ ಹಗುರಾತು" ಅಂದರು. ನಾನು ಉಸಿರು ಬಿಡುವಷ್ಟರಲ್ಲಿ ಸೇರಿಸಿದರು, "ನಿನ್ನೆ ಹೇಳಿದ್ದು ಮಾತ್ರ ನಾನು ಮರೆಯೋದಿಲ್ಲ." ಸಿಟ್ಟಿಲ್ಲದೆ ಅಂದರು, ಟಿಕೆಟ್ಟಿನ ಚಿಲ್ಲರೆ ಎಷ್ಟೆಂದು ಹೇಳುವಂತೆ. ಆಮೇಲೆ ಕಿಟಕಿ ಸರಿಸಿ ನನಗೆ ಗಾಳಿ ಬರುವ ಹಾಗೆ ಮಾಡಿದರು.

ಸಾಹುಕಾರರ ಹತ್ತಿರ ಹೋಗಿ ಬಂಧುಗಳ ನಿಯಮ ತೆಗೆಯೋಣ ಎಂದೆ. ಅವರು ಲೆಕ್ಕ ನೋಡಿ, "ಉಳಿತಾಯ ಚಲೋ ಐತಲ್ಲ" ಅಂದರು. ನಡೆದದ್ದನ್ನೆಲ್ಲ ಹೇಳಿದೆ, ಹೋಳಿಗೆಯ ಸಂಖ್ಯೆ ಒಂದನ್ನು ಬಿಟ್ಟು. ಅವರಿಗೂ ಇಬ್ಬರು ಹೆಣ್ಣುಮಕ್ಕಳು. ಬಹಳ ಹೊತ್ತು ಪೇಪರ್‌ವೇಟ್ ತಿರುಗಿಸಿ, "ಬೀಗರನ್ನ ಬಿಟ್ಟುಬಿಡು" ಅಂದರು. ಹಾಗಾಗಿ "ಬಂಧುಗಳು ಎಂಬುದರಲ್ಲಿ ಬೀಗರು ಸೇರಿರುವುದಿಲ್ಲ" ಎಂದು ತಿದ್ದುಪಡಿ ಹೊರಡಿಸಿದೆ. ಒಂದೇ ವಾರದಲ್ಲಿ ಮಂಜುನಾಥ ಬಂದು, "ಸಾರ್, ಬಳ್ಳಾರಿ ಸೋದರಮಾವನ ಜೊತೆ ಮಾತು ಶುರುವಾಗೈತೆ. ನಮ್ಮ ತಮ್ಮನಿಗೆ ಅವರ ಮಗಳನ್ನ ಕೇಳೀವಿ. ಇನ್ನು ಬೀಗರೇ ಅಂತ ಬರ್ಕೊಳ್ರಿ" ಅಂದ. ನಾನು ಬರೆದುಕೊಂಡು ಸ್ಟಾಂಪು ಒತ್ತಿದೆ. ಮದುವೆ ಇನ್ನೂ ಆಗಿಲ್ಲ, ನಾನು ಕೇಳಲೂ ಇಲ್ಲ.

ಕಳೆದ ತಿಂಗಳು ಹಾಲೇಶಪ್ಪನವರು ಮೊಮ್ಮಗನ ಜವಳದ ಕಾರ್ಡು ತಂದುಕೊಟ್ಟರು. "ಬೀಗಿತ್ತಿ ಖುದ್ದು ಹೇಳಿ ಕಳಿಸ್ಯಾರೆ, ಬರಬೇಕು ಸಾರ್" ಎಂದು, ಸ್ವಲ್ಪ ತಡೆದು, "ನಿಮಗೆ ವಿಶ್ರಾಂತಿಗೆ ಅಂತ ಲಾಡ್ಜಿನಾಗೆ ರೂಮ್ ಮಾಡಿಸ್ಯಾರೆ. ದುಡ್ಡೂ ಅವರೇ ಕಟ್ಯಾರೆ" ಅಂದರು. ಅವರ ಮೀಸೆಯ ಅಂಚಿನಲ್ಲಿ ಏನೋ ಕದಲಿದಂತೆ ಕಂಡಿತು. ಹೋಗದಿದ್ದರೆ ಇನ್ನೂ ಅವಮಾನ ಎಂದು ನಸುಕಿನಲ್ಲೇ ಎದ್ದು ಹೋದೆ. ಈರಮ್ಮನವರು ನಗುತ್ತ ಬರಮಾಡಿಕೊಂಡರು, ಹೊಟ್ಟೆ ತುಂಬ ಬಡಿಸಿದರು. ಊಟವಾದದ್ದೇ ಶರಣಪ್ಪನವರು ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿ ಲಾಡ್ಜಿನ ಬಾಗಿಲಲ್ಲಿ ಇಳಿಸಿದರು. ನಾನು ಜೀವನದಲ್ಲಿ ಇಳಿದುಕೊಂಡ ಮೊದಲ ಲಾಡ್ಜು. ಒಂದು ಮಂಚ, ತಿರುಗುವಾಗ ಕಿರ್ರೆನ್ನುವ ಫ್ಯಾನು, ಒಂದು ಜಗ್ಗು ನೀರು, ಗೋಡೆಗೆ ಬಾಡಿಗೆಯ ಪಟ್ಟಿ. ಇಷ್ಟಕ್ಕಾಗಿ ನಾನು ಆರು ತಿಂಗಳು ಒಬ್ಬ ಮನುಷ್ಯನ ಮಾನಕ್ಕೆ ಗೀಟು ಹಾಕಿದ್ದೆ. ಬಟ್ಟೆಯನ್ನೂ ಬದಲಿಸದೆ ಮಂಚದ ಮೇಲೆ ಅಡ್ಡಾದೆ. ಸ್ವಲ್ಪವಾದರೂ ನಾಚಿಕೆಯಿರುವವನಿಗೆ ಆ ಮಂಚದ ಮೇಲೆ ಕಣ್ಣು ಮುಚ್ಚಲು ಆಗಬಾರದು, ಈ ಮಧ್ಯಾಹ್ನವನ್ನು ಪಶ್ಚಾತ್ತಾಪದಲ್ಲಿ ಕಳೆಯುತ್ತೇನೆ ಎಂದು ನಿಶ್ಚಯಿಸಿದೆ.

ಸಂಜೆ ಯಾರೋ ಬಾಗಿಲು ಬಡಿಯುತ್ತಿದ್ದರು. ಬಹಳ ಹೊತ್ತಿನಿಂದ ಬಡಿಯುತ್ತಿದ್ದಿರಬೇಕು. ತೆಗೆದರೆ ಹಾಲೇಶಪ್ಪನವರು. "ಬಸ್ಸಿನ ಹೊತ್ತಾತು ಸಾರ್" ಎಂದವರು, ನನ್ನ ಕೆನ್ನೆಯ ಮೇಲೆ ಮೂಡಿದ್ದ ದಿಂಬಿನ ಗೆರೆಯನ್ನು ನೋಡಿ, "ನಿದ್ದೆ ಬಂತಾ?" ಎಂದು ಕೇಳಿದರು.

"ಬಂತು" ಅಂದೆ. ಹೇಳಲೇಬೇಕಾಗಿದ್ದ ಒಂದು ಸುಳ್ಳು ಆಗ ಮಾತ್ರ ನನಗೆ ಹೊಳೆಯಲಿಲ್ಲ.